ಕೊನೆಯವನು ಬರುವವರೆಗೂ ಕ್ಯಾಮೆರಾ ತಿರುಗಿಸಬೇಡಿ

ಚಳಿಗಾಲದ ಒಲಿಂಪಿಕ್ಸ್ ಬಂದಾಗಲೆಲ್ಲ ಒಂದು ಮಾತು ಕೇಳಿ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಪುರುಷರ ಕ್ರಾಸ್ ಕಂಟ್ರಿ ಸ್ಕೀಯಿಂಗ್ ರೇಸ್, ಅಂದರೆ ಹಿಮದ ದಾರಿಯಲ್ಲಿ ಏರು ಇಳಿಜಾರು ದಾಟುತ್ತಾ ಸ್ಕೀ ಮೇಲೆ ಸಾಗುವ ಉದ್ದದ ಓಟ, ನಡೆಯುತ್ತದೆ. ಹಿಮವೇ ಬೀಳದ ಯಾವುದೋ ದೇಶದವನೊಬ್ಬ ಎಲ್ಲರಿಗಿಂತ ಕೊನೆಗೆ ಬರುತ್ತಾನೆ. ತಕ್ಷಣ ಶುರು: "ಇವರೆಲ್ಲ ಯಾಕೆ ಹೋಗ್ತಾರೆ? ಫೋಟೋ ತೆಗೆಸಿಕೊಳ್ಳೋಕಾ?" ಪ್ರವಾಸಿಗಳು ಅಂತ ಇವರಿಗೊಂದು ಹೆಸರೂ ಬಿದ್ದಿದೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನ 15 ಕಿಲೋಮೀಟರ್ ಫ್ರೀಸ್ಟೈಲ್ (ಸ್ಕೇಟಿಂಗ್‌ನಂತೆ ಕಾಲನ್ನು ಪಕ್ಕಕ್ಕೆ ತಳ್ಳುತ್ತಾ ಸಾಗುವ ಶೈಲಿ) ರೇಸ್ ತೆಗೆದುಕೊಳ್ಳಿ. ಸ್ವಿಟ್ಜರ್ಲೆಂಡಿನ ಡಾರಿಯೊ ಕೊಲೊನ್ಯಾ 33 ನಿಮಿಷ 43.9 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದರು. 2010 ಮತ್ತು 2014ರಲ್ಲೂ 15 ಕಿಲೋಮೀಟರ್ ಚಿನ್ನ ಅವರದ್ದೇ. ಅದೇ ಫಲಿತಾಂಶದ ಪಟ್ಟಿಯ ಕೆಳತುದಿಯಲ್ಲಿ, 116ನೇ ಸ್ಥಾನದಲ್ಲಿ, ಮೆಕ್ಸಿಕೊದ ಹೆರ್ಮಾನ್ ಮದ್ರಾಸೊ ಇದ್ದರು. ವಯಸ್ಸು 43. ಸಮಯ 59 ನಿಮಿಷ 35.4 ಸೆಕೆಂಡು. ಅವರಿಗಿಂತ ಎರಡು ಸ್ಥಾನ ಮೇಲೆ ಟೊಂಗಾದ ಪೀಟಾ ಟೌಫಟೊಫುವಾ. ರಿಯೊ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಬಾವುಟ ಹಿಡಿದು ಬಂದವರು ಅಂದರೆ ತುಂಬಾ ಜನಕ್ಕೆ ನೆನಪಾದೀತು. ಅಲ್ಲಿ ಅವರು ಆಡಿದ್ದು ಟೇಕ್ವಾಂಡೊ.

ಇಬ್ಬರೂ ಈ ಆಟಕ್ಕೆ ತೀರಾ ಹೊಸಬರು. ಅದು ನಿಜ. ಆದರೆ ಸುಮ್ನೆ ಟಿಕೆಟ್ ತೆಗೆದುಕೊಂಡು ಹೋಗಿ ಸಾಲಲ್ಲಿ ನಿಂತವರಲ್ಲ. ಅಂತರರಾಷ್ಟ್ರೀಯ ಸ್ಕೀ ಸಂಸ್ಥೆಯ ಪಾಯಿಂಟ್ ಲೆಕ್ಕ ಒಂದಿದೆ. ಅದರಲ್ಲಿ ಪಾಯಿಂಟ್ ಕಡಿಮೆ ಇದ್ದಷ್ಟೂ ಒಳ್ಳೆಯದು, ಅದಕ್ಕೊಂದು ಮಿತಿಯೂ ಇದೆ. ಮಾನ್ಯತೆ ಇರುವ ಐದು ರೇಸ್‌ಗಳಲ್ಲಿ ಆ ಮಿತಿಯೊಳಗೆ ಬಂದರೆ ಮಾತ್ರ ಒಲಿಂಪಿಕ್ಸ್ ಪ್ರವೇಶ. ಟೌಫಟೊಫುವಾ ಹಿಮ ಇಲ್ಲದ ಕಡೆ ಚಕ್ರದ ಸ್ಕೀ ಕಟ್ಟಿಕೊಂಡು ಕಲಿತರು. ಕೊನೆಯ ಅವಕಾಶ ಐಸ್‌ಲ್ಯಾಂಡಿನ ಇಸಾಫ್ಯೊರ್ದುರ್ ಎಂಬ ಊರಿನ ರೇಸ್. ಇವರಿಬ್ಬರೂ ಚಿಲಿಯ ಯೊನಾಥನ್ ಫೆರ್ನಾಂಡಿಸ್ ಜೊತೆ ಸೇರಿಕೊಂಡು, ಕೆಟ್ಟ ಹವೆಯಲ್ಲಿ ಅಷ್ಟು ದೂರ ಹೋಗಿ ಅರ್ಹತೆ ಪಡೆದುಕೊಂಡರು. ಪ್ರವಾಸಕ್ಕೆ ಹೊರಟವರು ಇಷ್ಟೆಲ್ಲ ಪಾಡು ಪಡುತ್ತಾರಾ?

ಈ ರೇಸ್ ಹೇಗೆ ನಡೆಯುತ್ತದೆ ಅಂತ ಗೊತ್ತಿದ್ದರೆ ಕೊನೆಯವನ ಕಷ್ಟ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. 30 ಸೆಕೆಂಡಿಗೆ ಒಬ್ಬರಂತೆ ಬಿಡುತ್ತಾರೆ. ಪಕ್ಕದಲ್ಲಿ ಎದುರಾಳಿ ಇರುವುದಿಲ್ಲ, ಓಟ ಗಡಿಯಾರದ ಜೊತೆಗೆ. ನೂರು ಜನ ಇದ್ದರೆ, ಮೊದಲನೆಯವನು ಹೊರಟು ಸುಮಾರು 50 ನಿಮಿಷ ಆದ ಮೇಲೆ ಕೊನೆಯವನ ಸರದಿ. ಅಷ್ಟು ಹೊತ್ತಿಗೆ ಮೊದಮೊದಲು ಹೊರಟವರು ಗುರಿ ಮುಟ್ಟಿ ಬಟ್ಟೆ ಬದಲಿಸಿರುತ್ತಾರೆ. ಟಿವಿಯವರು ಪದಕದ ಲೆಕ್ಕಾಚಾರದಲ್ಲಿರುತ್ತಾರೆ. ಇವನು ಆಗಷ್ಟೇ ಮೊದಲ ದಿಬ್ಬ ಹತ್ತುತ್ತಿರುತ್ತಾನೆ.

ದಾರಿಯಲ್ಲಿ ಯಾರಿಗೂ ರಿಯಾಯಿತಿ ಇಲ್ಲ. ಸುಮಾರು ಮೂರನೇ ಒಂದು ಭಾಗ ಏರು, ಇನ್ನೊಂದು ಭಾಗ ಇಳಿಜಾರು, ಉಳಿದದ್ದು ಏರಿಳಿತದ ನೆಲ. ಏರಿನಲ್ಲಿ ಕಾಲಷ್ಟೇ ಅಲ್ಲ, ತೋಳು, ಬೆನ್ನು, ಹೊಟ್ಟೆ ಎಲ್ಲ ಒಟ್ಟಿಗೆ ದುಡಿಯಬೇಕು. ಗೆದ್ದವರೇ ಗೆರೆ ದಾಟಿದ ತಕ್ಷಣ ಹಿಮದ ಮೇಲೆ ಬಿದ್ದುಕೊಂಡು ಉಸಿರಿಗಾಗಿ ಒದ್ದಾಡುವುದನ್ನು ನೋಡಿರುತ್ತೀರಿ. ಇಳಿಜಾರು ಹೊಸಬರಿಗೆ ಇನ್ನೂ ಜಾಸ್ತಿ ಭಯ. ಈ ಸ್ಕೀಗಳು ತೆಳು. ಬೆಟ್ಟ ಇಳಿಯುವ ಸ್ಕೀಗಳಿಗಿರುವ ಉಕ್ಕಿನ ಅಂಚು ಇವಕ್ಕಿಲ್ಲ. ಹಿಮ್ಮಡಿಯನ್ನು ಸ್ಕೀಗೆ ಬಿಗಿದಿರುವುದಿಲ್ಲ. ವೇಗದಲ್ಲಿ ತಿರುವು ಬಂದರೆ ಹಿಡಿತ ಸಿಗುವುದು ಕಷ್ಟ. ಮರಕ್ಕೆ ಗುದ್ದಿಕೊಳ್ಳದೆ ಮುಗಿಸಿದರೆ ಸಾಕು ಅಂತ ಟೌಫಟೊಫುವಾ ರೇಸ್‌ಗೆ ಮುಂಚೆ ಹೇಳಿದ್ದರು. ಜನ ನಕ್ಕರು. ನನಗೆ ಅದು ಪೂರ್ತಿ ಪ್ರಾಮಾಣಿಕವಾದ ಗುರಿ ಅನ್ನಿಸಿತು.

ಇನ್ನು ವ್ಯಾಕ್ಸ್, ಅಂದರೆ ಸ್ಕೀಯ ಅಡಿಗೆ ಹಚ್ಚುವ ಮೇಣದ ವಿಷಯ. ಎರಡೂ ಸ್ಕೀಗಳನ್ನು ನೇರ ಜಾಡಿನಲ್ಲಿ ಹಿಂದೆ ಮುಂದೆ ಸರಿಸುತ್ತಾ ಸಾಗುವ ಕ್ಲಾಸಿಕಲ್ ಶೈಲಿಯಲ್ಲಿ ಸ್ಕೀಯ ಮಧ್ಯಭಾಗಕ್ಕೆ, ಪಾದದ ಕೆಳಗೆ, ಹಿಡಿತದ ವ್ಯಾಕ್ಸ್ ಹಚ್ಚುತ್ತಾರೆ. ಒತ್ತಿ ತುಳಿದಾಗ ಅದು ಹಿಮವನ್ನು ಕಚ್ಚಬೇಕು, ಭಾರ ಬಿಟ್ಟಾಗ ಜಾರಬೇಕು. ಆ ದಿನದ ಹಿಮಕ್ಕೆ, ತಾಪಮಾನಕ್ಕೆ ಸರಿಹೊಂದದ ವ್ಯಾಕ್ಸ್ ಆದರೆ ಪ್ರತಿ ಏರಿನಲ್ಲೂ ಕಾಲು ಹಿಂದಕ್ಕೆ ಜಾರುತ್ತದೆ. ನಾರ್ವೆಯಂಥ ದೇಶ ಇದಕ್ಕೆಂದೇ ದೊಡ್ಡ ಟ್ರಕ್ಕು, ತಂತ್ರಜ್ಞರ ಪಡೆ, ರಾಶಿ ರಾಶಿ ಸ್ಕೀ ಇಟ್ಟುಕೊಂಡಿರುತ್ತದೆ. ಅಂಥವರಿಗೂ ಒಮ್ಮೊಮ್ಮೆ ಕೈಕೊಡುತ್ತದೆ. 2014ರ ಸೋಚಿಯಲ್ಲಿ ನಾರ್ವೆಯ ಪುರುಷರ ರಿಲೇ ತಂಡ ನಾಲ್ಕನೇ ಸ್ಥಾನಕ್ಕೆ ಇಳಿದಾಗ ಅವರ ದೇಶದಲ್ಲಿ ದೊಡ್ಡ ಚರ್ಚೆ ನಡೆದದ್ದು ವ್ಯಾಕ್ಸ್ ಬಗ್ಗೆಯೇ. ಒಬ್ಬನೇ ಆಟಗಾರ, ಒಬ್ಬ ಕೋಚ್ ಇರುವ ದೇಶದ ಗತಿ ಏನಿರಬಹುದು? ಗಡಿಯಾರ ತೋರಿಸುವ ಆ ಅಂತರದಲ್ಲಿ ಕಾಲಿನ ಶಕ್ತಿ ಎಷ್ಟು, ಹಿಂದೆ ನಿಂತ ದುಡ್ಡು ಎಷ್ಟು ಅಂತ ಬೇರೆ ಮಾಡಿ ಹೇಳೋಕೆ ಆಗುವುದಿಲ್ಲ.

ಇದು ಗೆದ್ದವರಿಗೆ ಚೆನ್ನಾಗಿ ಗೊತ್ತು. 1998ರ ನಾಗಾನೊದಲ್ಲಿ 10 ಕಿಲೋಮೀಟರ್ ಗೆದ್ದ ನಾರ್ವೆಯ ಬ್ಯೋರ್ನ್ ದೆಹ್ಲಿ, 92ನೆಯವರಾಗಿ ಕೊನೆಗೆ ಬಂದ ಕೀನ್ಯಾದ ಫಿಲಿಪ್ ಬೋಯಿಟ್‌ಗಾಗಿ ಕಾದು ನಿಂತು ತಬ್ಬಿಕೊಂಡರು. ಬೋಯಿಟ್ ಓಟಗಾರ, ಸ್ಕೀ ಕಲಿತು ಎರಡೇ ವರ್ಷ ಆಗಿತ್ತು. ಇದು ಒಂದು ಶೂ ಕಂಪನಿಯ ಪ್ರಚಾರದ ಆಟ ಅಂತ ಆಗ ಟೀಕೆ ಬಂತು. ಕಂಪನಿಯ ದುಡ್ಡು ಇದ್ದದ್ದು ನಿಜ. ಆದರೆ ಬೋಯಿಟ್ 2002ಕ್ಕೂ ಬಂದರು, 2006ಕ್ಕೂ ಬಂದರು. ತಮ್ಮ ಮಗನಿಗೆ ದೆಹ್ಲಿ ಅಂತಲೇ ಹೆಸರಿಟ್ಟರು.

ಸೋಚಿಯ 15 ಕಿಲೋಮೀಟರ್ ಕ್ಲಾಸಿಕಲ್‌ನಲ್ಲೂ ಹಾಗೇ ಆಯಿತು. ಪೆರುವಿನ ರೊಬೆರ್ಟೊ ಕಾರ್ಸೆಲೆನ್ ಪಕ್ಕೆಲುಬು ಮುರಿದುಕೊಂಡೇ ರೇಸ್‌ಗೆ ಇಳಿದು, ಗೆದ್ದವರ ಸಮಯಕ್ಕಿಂತ ಸುಮಾರು 28 ನಿಮಿಷ ಜಾಸ್ತಿ ತೆಗೆದುಕೊಂಡು 87ನೆಯವರಾಗಿ ಮುಗಿಸಿದರು. ಅಲ್ಲಿ ಕಾಯುತ್ತಿದ್ದದ್ದು ಚಿನ್ನ ಗೆದ್ದ ಅದೇ ಕೊಲೊನ್ಯಾ, ಮತ್ತು 86ನೇ ಸ್ಥಾನದ ನೇಪಾಳದ ದಛಿರಿ ಶೆರ್ಪಾ. 85ನೆಯವರು ಯಾರು ಗೊತ್ತಾ? ನಮ್ಮ ನದೀಮ್ ಇಕ್ಬಾಲ್. ಭಾರತೀಯ ಒಲಿಂಪಿಕ್ ಸಂಸ್ಥೆಯ ಮೇಲೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಹಾಕಿದ್ದ ಅಮಾನತು ತೆರವಾಗಿ ಮೂರು ದಿನವಾಗಿತ್ತಷ್ಟೇ. ಅದಕ್ಕೂ ಮುಂಚೆ ಶಿವ ಕೇಶವನ್ ತಮ್ಮ ಲೂಜ್ (ಹಿಮಗಟ್ಟಿದ ಹಾದಿಯಲ್ಲಿ ಮಲಗಿಕೊಂಡು ಜಾರುವ ಬಂಡಿಯ ಆಟ) ಸ್ಪರ್ಧೆಯನ್ನು ಒಲಿಂಪಿಕ್ ಬಾವುಟದಡಿ ಮುಗಿಸಬೇಕಾಯಿತು. ನದೀಮ್‌ಗೆ ಭಾರತದ ಹೆಸರಲ್ಲೇ ಇಳಿಯಲು ಸಿಕ್ಕಿತು. ಪ್ಯೊಂಗ್‌ಚಾಂಗ್‌ನಲ್ಲಿ ಜಗದೀಶ್ ಸಿಂಗ್ 103ನೆಯವರು. ಈ ಇಬ್ಬರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಹೊರಗಿನವರು ನಗುತ್ತಾರೆ ಅನ್ನುವುದಕ್ಕಿಂತ ಈ ಮರೆವು ನನಗೆ ಜಾಸ್ತಿ ನೋವು ಕೊಡುತ್ತದೆ.

2022ರ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ ಫಿನ್ಲೆಂಡಿನ ಈವೊ ನಿಸ್ಕಾನೆನ್ ಕೂಡ ಕೊನೆಯವರಾದ ಕೊಲಂಬಿಯಾದ ಕಾರ್ಲೋಸ್ ಕಿಂತಾನಾ ಬರುವವರೆಗೆ ಕಾದರು. ಆಮೇಲೆ ಅವರು ಹೇಳಿದ್ದರ ಸಾರ ಇಷ್ಟು: ಇಲ್ಲಿಗೆ ಬರಲು ಎಲ್ಲರೂ ಕಷ್ಟಪಟ್ಟಿದ್ದಾರೆ, ಪರಸ್ಪರ ಗೌರವ ಬೇಕು, ಚಿಕ್ಕ ದೇಶಗಳಿಗೆ ನಮ್ಮಷ್ಟು ಬೆಂಬಲ ಇಲ್ಲ. ಈ ವಿಡಿಯೋಗಳನ್ನು "ದೊಡ್ಡವನ ದೊಡ್ಡ ಮನಸ್ಸು" ಅಂತ ಹಂಚಿಕೊಳ್ಳುತ್ತಾರಲ್ಲ, ಅದು ನನಗೆ ಅರೆಬರೆ ಅನ್ನಿಸುತ್ತದೆ. ನಿಸ್ಕಾನೆನ್ ಮಾತಲ್ಲಿ ಕರುಣೆ ಇಲ್ಲ. ಅದೇ ದಿಬ್ಬ ಹತ್ತಿದ ಇನ್ನೊಬ್ಬನ ಕೈ ಕುಲುಕಿದ್ದು ಅದು. ಎಲ್ಲ ಗಮನ ಗೆದ್ದವರ ಒಳ್ಳೆಯತನಕ್ಕೇ ಹೋದರೆ ಕೊನೆಯವನು ಪಟ್ಟ ಪಾಡು ಮತ್ತೆ ಮರೆಯಾಗುತ್ತದೆ.

ಇನ್ನೊಂದು ವಾದ ಇದೆ, ಅದನ್ನು ತಳ್ಳಿಹಾಕಲಾರೆ. ಒಂದು ದೇಶಕ್ಕೆ ಒಂದು ರೇಸ್‌ನಲ್ಲಿ ಹೆಚ್ಚೆಂದರೆ ನಾಲ್ಕು ಜನ. ನಾರ್ವೆಯ ಐದನೆಯವನು ಪದಕ ಗೆಲ್ಲುವಷ್ಟು ಗಟ್ಟಿಗನಾಗಿದ್ದರೂ ಮನೆಯಲ್ಲೇ ಕೂರಬೇಕು. ಅವನಿಗೆ ಇದು ಅನ್ಯಾಯ ಅಲ್ವಾ? ಹೌದು, ಅವನ ಸಂಕಟ ದೊಡ್ಡದೇ. ಆದರೆ ಅವನಿಗೆ ಪ್ರತಿ ಚಳಿಗಾಲದಲ್ಲೂ ವಿಶ್ವಕಪ್ ಇದೆ, ಅಲ್ಲಿ ನಾರ್ವೆಯವರಿಗೆ ಜಾಸ್ತಿ ಜಾಗವೂ ಇದೆ. ಒಲಿಂಪಿಕ್ಸ್ ದೇಶಗಳ ಕೂಟ. ಅಲ್ಲಿ ಪೆರು, ನೇಪಾಳ, ಭಾರತದವರಿಗೆ ಜಾಗ ಇರಲೇಬೇಕು. ಎಲ್ಲರೂ ಒಟ್ಟಿಗೆ ಹೊರಡುವ ಮಾಸ್ ಸ್ಟಾರ್ಟ್ ರೇಸ್‌ಗಳಲ್ಲಂತೂ ಒಂದು ಸುತ್ತು ಹಿಂದೆ ಬಿದ್ದವರನ್ನು ಹೊರಗೆ ಕಳಿಸಿಬಿಡುತ್ತಾರೆ. ಒಬ್ಬೊಬ್ಬರೇ ಹೊರಡುವ ಈ ರೇಸ್‌ನಲ್ಲಿ ಮಾತ್ರ ಹಿಂದೆ ಉಳಿದವನೂ ತನ್ನ ಪಾಡಿಗೆ ತಾನು ಪೂರ್ತಿ ದೂರ ಹೋಗಬಹುದು. ಪಾಯಿಂಟ್ ಮಿತಿ ಇರಲಿ, ಸುರಕ್ಷತೆಗೆ ಅದು ಬೇಕು. ಅದನ್ನು ಇನ್ನಷ್ಟು ಬಿಗಿ ಮಾಡಿ ಇವರ ಬಾಗಿಲು ಮುಚ್ಚುವುದು ಬೇಡ.

ಪ್ರಸಾರ ಮಾಡುವವರಿಗೆ ನನ್ನದೊಂದು ಬೇಡಿಕೆ. ಪದಕ ನಿರ್ಧಾರವಾದ ತಕ್ಷಣ ಸ್ಟುಡಿಯೋಗೆ ಓಡಬೇಡಿ. ಪರದೆಯ ಒಂದು ಮೂಲೆಯಲ್ಲಾದರೂ ಕೊನೆಯ ಹತ್ತು ಜನರನ್ನು ತೋರಿಸಿ, ಅವರ ಹೆಸರು, ದೇಶ, ಸಮಯ ಹಾಕಿ. ಪ್ಯೊಂಗ್‌ಚಾಂಗ್‌ನಲ್ಲಿ ಮದ್ರಾಸೊ ಮೆಕ್ಸಿಕೊ ಬಾವುಟ ಹಿಡಿದು ಬಂದಾಗ ಟೌಫಟೊಫುವಾ ಮತ್ತಿತರರು ಅವರನ್ನು ಹೆಗಲ ಮೇಲೆ ಎತ್ತಿಕೊಂಡರು, ಆ ಚಿತ್ರ ಜಗತ್ತೆಲ್ಲ ಸುತ್ತಿತು. ಅದಕ್ಕೆ ಮುಂಚಿನ 59 ನಿಮಿಷ ಎಷ್ಟು ಜನ ನೋಡಿದ್ದಾರೆ? ನನಗೆ ಬೇಕಾಗಿರುವುದು ಆ 59 ನಿಮಿಷ.