ಇಪ್ಪತ್ತೊಂದನೆಯ ವಾರ

ಪಾಪ್ ಕೇಳುವವರು ಇಬ್ಬರು ಒಂದೆಡೆ ಸೇರಿದರೆ ಮೂರನೆಯ ಮಾತಿಗೇ ಒಂದು ಜಗಳ ಹುಟ್ಟುತ್ತದೆ: ಇಪ್ಪತ್ತು ವರ್ಷ ಕಳೆದ ಮೇಲೂ ಈಗಿನ ಗಾಯಕರಲ್ಲಿ ಯಾರು ಚಾರ್ಟಿನಲ್ಲಿ, ಎಂದರೆ ವಾರವಾರದ ಜನಪ್ರಿಯ ಹಾಡಿನ ಪಟ್ಟಿಯಲ್ಲಿ, ಇದ್ದಾರು? ಒಬ್ಬ ಡ್ರೇಕ್ ಅಂತಾನೆ, ಇನ್ನೊಬ್ಬಳು ಬಿಲ್ಲಿ ಐಲಿಷ್ ಅಂತಾಳೆ, ಸುಮ್ಮನೆ ಕೂತಿದ್ದ ಹಿರಿಯರೊಬ್ಬರು ‘ಇವರೆಲ್ಲ ಆರು ತಿಂಗಳ ಗಿರಾಕಿಗಳು’ ಎಂದು ಇಬ್ಬರ ಬಾಯಿಯನ್ನೂ ಮುಚ್ಚಿಸುತ್ತಾರೆ. ಈ ಜಗಳದ ಸೊಗಸೆಂದರೆ ಇದರಲ್ಲಿ ಸೋಲೇ ಇಲ್ಲ. ತೀರ್ಪು ಬರುವ ಹೊತ್ತಿಗೆ ಯಾರು ಯಾರ ಪರ ಇದ್ದರೆಂಬುದು ಯಾರಿಗೂ ನೆನಪಿರುವುದಿಲ್ಲ.

ಹಾಗಂತ ಇದು ಪೂರಾ ಗಿಣಿಶಾಸ್ತ್ರವೂ ಅಲ್ಲ. ಚಾರ್ಟನ್ನು ಮೇಲಿನಿಂದ ಕೆಳಕ್ಕೆ ಓದುವ ಬದಲು ವಾರದಿಂದ ವಾರಕ್ಕೆ ಅಡ್ಡಡ್ಡ ಓದುವುದನ್ನು ರೂಢಿಸಿಕೊಂಡರೆ ಉಳಿಯುವವರ ಲಕ್ಷಣ ಒಂದಷ್ಟು ಕಾಣಿಸತೊಡಗುತ್ತದೆ.

ಅದಕ್ಕೂ ಮೊದಲು ಅಳೆಯುವ ಸೇರಿನ ವಿಚಾರ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ನೂರು ಹಾಡಿನ ವಾರದ ಪಟ್ಟಿ ಹಾಟ್ 100 ಶುರುವಾದದ್ದು 1958ರ ಆಗಸ್ಟ್‌ನಲ್ಲಿ. ಹೆಸರು ಅಂದಿನಿಂದ ಅದೇ, ಸೇರು ಮಾತ್ರ ಹತ್ತಾರು ಸಲ ಬದಲಾಗಿದೆ. 1991ರವರೆಗೆ ಅಂಗಡಿಯವರು ‘ಈ ವಾರ ಇದು ಚೆನ್ನಾಗಿ ಹೋಯ್ತು’ ಎಂದು ಬಾಯಿಮಾತಿನಲ್ಲಿ ಹೇಳಿದ್ದೇ ಲೆಕ್ಕ. ಆ ವರ್ಷ ಸೌಂಡ್‌ಸ್ಕ್ಯಾನ್ ಎಂಬ ವ್ಯವಸ್ಥೆ ಬಂದು ಗಲ್ಲಾದಲ್ಲಿ ಬಾರ್‌ಕೋಡ್ ಎಣಿಸತೊಡಗಿತು. ಮೇ ತಿಂಗಳಲ್ಲಿ ಆಲ್ಬಮ್ ಪಟ್ಟಿಗೆ ಈ ಎಣಿಕೆ ಬಂತು, ಜೂನ್‌ನಲ್ಲಿ ರ‍್ಯಾಪ್ ತಂಡ ಎನ್.ಡಬ್ಲ್ಯೂ.ಎ. ಅದರ ನೆತ್ತಿಯ ಮೇಲಿತ್ತು. ರ‍್ಯಾಪ್ ಅದಕ್ಕೆ ಮೊದಲೂ ಮಾರುತ್ತಿತ್ತು, ಹೇಳುವವರು ಹೇಳುತ್ತಿರಲಿಲ್ಲ ಅಷ್ಟೇ. ಸಿಂಗಲ್ ಆಗಿ, ಎಂದರೆ ಬಿಡಿ ಹಾಡಾಗಿ, ಮಾರಾಟಕ್ಕಿಡದ, ಬರೀ ರೇಡಿಯೋದಲ್ಲಿ ಓಡುವ ಹಾಡಿಗೆ ಹಾಟ್ 100ರ ಬಾಗಿಲು ತೆರೆದದ್ದು 1998ರ ಕೊನೆಗೆ. 2005ರಲ್ಲಿ ಡೌನ್‌ಲೋಡ್, 2012ರಲ್ಲಿ ಬೇಕೆಂದಾಗ ಕೇಳುವ ಸ್ಟ್ರೀಮಿಂಗ್, 2013ರ ಫೆಬ್ರವರಿಯಲ್ಲಿ ಯೂಟ್ಯೂಬ್ ಲೆಕ್ಕಕ್ಕೆ ಬಂದವು.

ಇದರಲ್ಲಿ ಅನ್ಯಾಯವಾದದ್ದು ಕೊರಿಯಾದ ಸೈಗೆ. ಆತನ ‘ಗಂಗ್ನಮ್ ಸ್ಟೈಲ್’ 2012ರ ಡಿಸೆಂಬರ್‌ನಲ್ಲಿ ಯೂಟ್ಯೂಬ್‌ನಲ್ಲಿ ನೂರು ಕೋಟಿ ಸಲ ನೋಡಿಸಿಕೊಂಡ ಮೊಟ್ಟಮೊದಲ ವೀಡಿಯೋ ಆಯಿತು. ಲೋಕವೆಲ್ಲ ಸೈ ಅಂದರೂ ಹಾಟ್ 100ರಲ್ಲಿ ಏಳು ವಾರ ಎರಡನೆಯ ಸ್ಥಾನದಲ್ಲೇ ನಿಂತು ಇಳಿದುಹೋಯಿತು. ಯೂಟ್ಯೂಬ್ ಆಗಿನ್ನೂ ಸೇರಿನೊಳಗೆ ಇರಲಿಲ್ಲ. ಅದನ್ನು ಸೇರಿಸಿದ ವಾರವೇ ‘ಹಾರ್ಲೆಮ್ ಶೇಕ್’ ಎಂಬ ಕುಣಿತದ ತುಣುಕು ನೆಟ್ಟಗೆ ಮೊದಲ ಸ್ಥಾನದಲ್ಲಿ ಹೋಗಿ ಕೂತಿತು. ಆದ್ದರಿಂದ ಹತ್ತು ವರ್ಷದ ಹಿಂದಿನ ನಂಬರ್ ಒನ್‌ಗೂ ಇವತ್ತಿನ ನಂಬರ್ ಒನ್‌ಗೂ ಹೋಲಿಕೆ ಹಚ್ಚುವವರನ್ನು ‘ಯಾವ ಸೇರಿನಲ್ಲಿ ಅಳೆದದ್ದು?’ ಎಂದು ಒಮ್ಮೆ ಕೇಳಬೇಕು.

ಎಲ್ಲರೂ ಎಡವುವುದು ಮೊದಲ ವಾರದಲ್ಲಿ. ಚಾರ್ಟಿನ ವಾರ ಶುಕ್ರವಾರಕ್ಕೆ ಶುರು, ಗುರುವಾರಕ್ಕೆ ಮುಗಿಯುತ್ತದೆ. ಆಲ್ಬಮ್ ಬಿಡುಗಡೆಯೂ ಶುಕ್ರವಾರವೇ, ಹೊಸ ಹಾಡಿಗೆ ಪೂರ್ತಿ ಏಳು ದಿನ ಸಿಗಲಿ ಎಂದು. ಮಧ್ಯರಾತ್ರಿ ಬಾಗಿಲು ತೆರೆದ ಕೂಡಲೇ ಅಭಿಮಾನಿಗಳು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಒಂದೇ ಉಸಿರಿಗೆ ಕೇಳುತ್ತಾರೆ, ಮತ್ತೆ ಮೊದಲಿಂದ ಹಿಡಿಯುತ್ತಾರೆ. ಒಳ್ಳೆಯದು ಕೆಟ್ಟದ್ದು ಎಂಬ ಭೇದವಿಲ್ಲದೆ ಎಲ್ಲ ಹಾಡಿಗೂ ಎಣಿಕೆ ಬೀಳುತ್ತದೆ. 2018ರಲ್ಲಿ ಡ್ರೇಕ್ 25 ಹಾಡಿನ ‘ಸ್ಕಾರ್ಪಿಯನ್’ ಬಿಟ್ಟಾಗ ಇಪ್ಪತ್ತೈದೂ ಹಾಟ್ 100ರೊಳಗೆ ನುಗ್ಗಿದವು. 2022ರ ಕೊನೆಗೆ ಟೇಲರ್ ಸ್ವಿಫ್ಟ್ ಮೊದಲ ಹತ್ತೂ ಸ್ಥಾನಗಳನ್ನು ಒಬ್ಬರೇ ಹಿಡಿದರು, ಸಾಲದ್ದಕ್ಕೆ 2024ರಲ್ಲಿ ಮೊದಲ ಹದಿನಾಲ್ಕನ್ನೂ. ಬ್ರಿಟನ್ನಿನವರು ಇಂಥದ್ದನ್ನು ಮೊದಲೇ ಉಂಡಿದ್ದರು. 2017ರ ಮಾರ್ಚ್‌ನಲ್ಲಿ ಅಲ್ಲಿನ ಟಾಪ್ 20ರಲ್ಲಿ ಎಡ್ ಶಿರನ್‌ರ ಹಾಡೇ 16 ಇದ್ದವು. ನಾಲ್ಕು ತಿಂಗಳೊಳಗೆ ನಿಯಮ ಬಂತು: ಮುಖ್ಯ ಗಾಯಕರೊಬ್ಬರಿಗೆ ಒಂದು ವಾರಕ್ಕೆ ಮೂರೇ ಹಾಡು. ಅಮೆರಿಕದವರು ಅಂಥ ಬೇಲಿ ಹಾಕದೆ ಬಾಗಿಲು ತೆರೆದೇ ಇಟ್ಟಿದ್ದಾರೆ.

ಆದ್ದರಿಂದ ಒಂದೇ ವಾರಕ್ಕೆ ಎಷ್ಟು ಹಾಡು ನುಗ್ಗಿದವು ಎಂಬುದು ಅಭಿಮಾನಿಗಳ ಜನಗಣತಿ, ಅದರಿಂದ ಹಾಡಿನ ಆಯುಸ್ಸು ತಿಳಿಯುವುದಿಲ್ಲ. ನೋಡಬೇಕಾದದ್ದು ಎರಡನೆಯ ಶುಕ್ರವಾರವನ್ನು. ಒಂದರಲ್ಲಿ ಇಳಿದ ಹಾಡು ಮುಂದಿನ ವಾರ ಹದಿನೈದಕ್ಕೆ, ಅದರ ಮುಂದಿನ ವಾರ ನಲವತ್ತಕ್ಕೆ ಬಿದ್ದರೆ ಮನೆಯವರೆಲ್ಲ ಕೇಳಿ ಮುಗಿಸಿದರು, ಬೀದಿಯವರು ಒಳಗೆ ಬರಲಿಲ್ಲ ಎಂದರ್ಥ. ನಲವತ್ತರಲ್ಲಿ ಸದ್ದಿಲ್ಲದೆ ಹುಟ್ಟಿ ಇಪ್ಪತ್ತೆಂಟು, ಹತ್ತೊಂಬತ್ತು ಎಂದು ಮೇಲೇರುವ ಹಾಡು ಕಂಡರೆ ಆಗ ಕಿವಿ ನಿಮಿರಿಸಬೇಕು. ಯಾರೂ ಒತ್ತಾಯ ಮಾಡದೆ ಅದು ಕೈಯಿಂದ ಕೈಗೆ ಹೋಗುತ್ತಿದೆ.

ಇಲ್ಲಿ ರೇಡಿಯೋದ ಪಾತ್ರವನ್ನು ಕಡೆಗಣಿಸುವವರೇ ಹೆಚ್ಚು. ಸ್ಟ್ರೀಮಿಂಗ್ ಕುತೂಹಲವನ್ನು ಅಳೆಯುತ್ತದೆ, ರೇಡಿಯೋ ಅಭ್ಯಾಸವನ್ನು ಅಳೆಯುತ್ತದೆ, ಮತ್ತು ಅದು ಯಾವಾಗಲೂ ತಡ. ಸ್ಟ್ರೀಮಿಂಗ್‌ನಲ್ಲಿ ಹಾಡು ಇಳಿಯತೊಡಗಿದ ಮೇಲೆ ರೇಡಿಯೋದಲ್ಲಿ ಏರತೊಡಗುವುದು ಸಾಮಾನ್ಯ. ಅಮೆರಿಕದ ಸ್ಟೇಷನ್ನುಗಳು ಹಾಡಿನ ಹುಕ್ಕನ್ನು, ಎಂದರೆ ಬಾಯಿಗೆ ಹತ್ತುವ ಹತ್ತು ಸೆಕೆಂಡಿನ ಭಾಗವನ್ನು, ಕೇಳುಗರಿಗೆ ಕೇಳಿಸಿ ಮೂರು ಪ್ರಶ್ನೆ ಹಾಕುತ್ತವೆ: ಗೊತ್ತೇ? ಇಷ್ಟವೇ? ಸಾಕಾಗಿದೆಯೇ? ಆ ಮೂರನೆಯ ಉತ್ತರಕ್ಕೆ ಅವರ ಭಾಷೆಯಲ್ಲಿ ‘ಬರ್ನ್’ ಎಂದು ಹೆಸರು. ಗೊತ್ತು, ಇಷ್ಟ, ಆದರೆ ಇನ್ನು ಸಾಕು ಮಾರಾಯರೇ ಎನ್ನುವವರು ಹೆಚ್ಚಿದ ದಿನ ಹಾಡನ್ನು ದಿನಕ್ಕೆ ಹತ್ತಾರು ಸಲ ಹಾಕುವ ಸರದಿಯಿಂದ ತೆಗೆದು ‘ರಿಕರೆಂಟ್’ ಎಂಬ ಎರಡನೆಯ ಸಾಲಿಗೆ ದಾಟಿಸುತ್ತಾರೆ. ಅಲ್ಲೂ ಒಂದೆರಡು ವರ್ಷ ಬಾಳಿದರೆ ‘ಗೋಲ್ಡ್’. ದೀರ್ಘಾಯುಸ್ಸು ಎಂಬುದು ಈ ಮೂರನೆಯ ಸಾಲಿನಲ್ಲಿದೆ. ಪಾಪ್ ತಾರೆಯರಲ್ಲಿ ಬಹುಪಾಲು ಜನ ಅದರ ಹೊಸ್ತಿಲನ್ನೂ ತುಳಿಯುವುದಿಲ್ಲ.

ಹಾಟ್ 100ಗೂ ಇಂಥದೇ ಒಂದು ಜರಡಿ ಇದೆ. ಇಪ್ಪತ್ತು ವಾರ ಕಳೆದ ಹಾಡು 50ಕ್ಕಿಂತ ಕೆಳಗಿಳಿದರೆ ಪಟ್ಟಿಯಿಂದಲೇ ಹೊರಗೆ. ಇಪ್ಪತ್ತೊಂದನೆಯ ವಾರ ಉಸಿರಾಡುತ್ತಿದೆಯೇ ಎಂಬುದು ಹಾಗಾಗಿ ಒಳ್ಳೆಯ ಪರೀಕ್ಷೆ. ಬ್ರಿಟನ್ನಿನ ಉಪಾಯ ಇನ್ನೂ ಬಿಗಿ. ಅಲ್ಲಿ ಹಣ ಕೊಟ್ಟು ಕೇಳಿದ 100 ಸ್ಟ್ರೀಮ್ ಒಂದು ಮಾರಾಟಕ್ಕೆ ಸಮ, ಜಾಹೀರಾತಿನ ಪುಕ್ಕಟೆ ಸ್ಟ್ರೀಮ್ ಆದರೆ 600 ಬೇಕು. ಹತ್ತು ವಾರ ಕಳೆದ ಹಾಡು ಸತತ ಮೂರು ವಾರ ಇಳಿದರೆ ಆ ದರ ಇಮ್ಮಡಿ: 200 ಮತ್ತು 1,200. ಹಳೆಯ ಬಾಡಿಗೆದಾರ ಎದ್ದು ಹೋಗಲೆಂದು ಬಾಡಿಗೆ ಏರಿಸುವ ಜಾಣತನ.

ಬಾಡಿಗೆ ಏರಿಸಿದರೂ ಜಗ್ಗದವರಲ್ಲಿ ಕೆನಡಾದ ಗಾಯಕ ದ ವೀಕೆಂಡ್‌ರ ‘ಬ್ಲೈಂಡಿಂಗ್ ಲೈಟ್ಸ್’ ಹತ್ತಿರದಿಂದ ನೋಡಲು ತಕ್ಕ ಮಾದರಿ. ಬಂದದ್ದು 2019ರ ನವೆಂಬರ್ 29ಕ್ಕೆ. ಹಾಟ್ 100ರ ಮೊದಲ ಸ್ಥಾನ ಮುಟ್ಟಲು ಮುಂದಿನ ಏಪ್ರಿಲ್‌ವರೆಗೆ ಕಾಯಿತು, ಅಲ್ಲಿ ನಿಂತದ್ದು ನಾಲ್ಕೇ ವಾರ. ಆದರೆ ಟಾಪ್ 10ರಲ್ಲಿ 57 ವಾರ, ಪಟ್ಟಿಯಲ್ಲಿ ಒಟ್ಟು 90 ವಾರ. ಮೂರು ನಿಮಿಷ ಇಪ್ಪತ್ತು ಸೆಕೆಂಡಿನ ಹಾಡು, ನಿಮಿಷಕ್ಕೆ ಸುಮಾರು 171 ಬಡಿತ, ಎಂಬತ್ತರ ದಶಕದ ಸಿಂಥಸೈಜರ್ ಕಟ್ಟು. ಹದಿನೈದರ ಹುಡುಗಿಗೆ ಅದು ಹೊಸತು, ಐವತ್ತರ ಅಪ್ಪನಿಗೆ ಹಳೆಯ ಪರಿಚಯ. ಓಡುವಾಗ, ಕಾರಿನಲ್ಲಿ, ಅಂಗಡಿಯ ಮೂಲೆಯ ಸ್ಪೀಕರಿನಲ್ಲಿ ಎಲ್ಲಿ ಹಾಕಿದರೂ ‘ಯಾರಯ್ಯ ಇದನ್ನು ಹಾಕಿದ್ದು’ ಎಂದು ಯಾರೂ ತಿರುಗಿ ನೋಡುವುದಿಲ್ಲ. ಹೊಗಳಿಕೆಯಂತೆ ಕೇಳಿಸದಿದ್ದರೂ ಬಾಳಿಕೆಗೆ ಇದಕ್ಕಿಂತ ದೊಡ್ಡ ಗುಣವಿಲ್ಲ. ಹಾಡಿನ ಕೆಳಗೆ ಚಿಕ್ಕ ಅಕ್ಷರದಲ್ಲಿರುವ ಹೆಸರುಗಳನ್ನೂ ಓದಬೇಕು. ಅಲ್ಲಿ ಸ್ವೀಡನ್ನಿನ ಮ್ಯಾಕ್ಸ್ ಮಾರ್ಟಿನ್ ಇದ್ದಾರೆ, 1999ರಲ್ಲಿ ಬ್ರಿಟ್ನಿ ಸ್ಪಿಯರ್ಸ್‌ಗೆ ಮೊದಲ ಸ್ಥಾನ ಕೊಡಿಸಿದ ಅದೇ ಕೈ.

ಆದರೆ ಹಾಡಿನ ಆಯುಸ್ಸೇ ಬೇರೆ, ಹಾಡಿದವರ ಆಯುಸ್ಸೇ ಬೇರೆ. ಗ್ಲಾಸ್ ಅನಿಮಲ್ಸ್‌ನ ‘ಹೀಟ್ ವೇವ್ಸ್’ 59ನೆಯ ವಾರದಲ್ಲಿ ಮೊದಲ ಸ್ಥಾನ ಕಂಡು, 91 ವಾರ ಪಟ್ಟಿಯಲ್ಲಿದ್ದು ವೀಕೆಂಡ್‌ರ ದಾಖಲೆಯನ್ನೇ ಮುರಿಯಿತು. ಆಮೇಲೆ ಟೆಡ್ಡಿ ಸ್ವಿಮ್ಸ್‌ರ ‘ಲೂಸ್ ಕಂಟ್ರೋಲ್’ ನೂರು ವಾರವನ್ನೂ ದಾಟಿತು. ಆ ತಂಡದ ಅಥವಾ ಆ ಗಾಯಕನ ಇನ್ನೊಂದು ಹಾಡಿನ ಹೆಸರು ಕೇಳಿ ನೋಡಿ, ಎದುರಿನವರು ಆಕಾಶ ನೋಡುತ್ತಾರೆ. ಒಂಟಿ ಕಂಬದ ಮನೆ ಎಷ್ಟು ಎತ್ತರವಿದ್ದರೂ ಮನೆಯಲ್ಲ. ಹಾಗಾಗಿ ಇನ್ನೊಂದು ಪರೀಕ್ಷೆ: ಬಂದಾಗ ತುದಿ ಮುಟ್ಟದ ಹಾಡೊಂದು ವರ್ಷಗಳ ಮೇಲೆ ತಾನಾಗಿ ಎದ್ದು ಬರುತ್ತದೆಯೇ?

ಟೇಲರ್‌ರ ‘ಕ್ರೂಯಲ್ ಸಮ್ಮರ್’ ಅಂಥದ್ದು. 2019ರ ಆಲ್ಬಮ್ಮಿನ ಎರಡನೆಯ ಹಾಡು, ನಾಲ್ಕು ವರ್ಷ ಬಿಟ್ಟು 2023ರಲ್ಲಿ ಮೊದಲ ಸ್ಥಾನಕ್ಕೆ ಬಂತು. ಒಂದೇ ವಾರಕ್ಕೆ ಬಾಚಿದ ಆ ಹದಿನಾಲ್ಕು ಸ್ಥಾನಗಳಿಗಿಂತ ಈ ಒಂದು ಹಾಡು ಆಕೆಯ ಭವಿಷ್ಯದ ಬಗ್ಗೆ ಹೆಚ್ಚು ಹೇಳುತ್ತದೆ. ವೀಕೆಂಡ್‌ರ 2016ರ ‘ಡೈ ಫಾರ್ ಯೂ’ ಕೂಡ ಅದೇ 2023ರಲ್ಲಿ, ಆರಿಯಾನಾ ಗ್ರಾಂಡೆ ಜೊತೆಗೂಡಿದ ರೀಮಿಕ್ಸ್‌ನ ಬಲದಿಂದ, ತುದಿ ಮುಟ್ಟಿತು. ಚಾಪೆಲ್ ರೋನ್ 2020ರಲ್ಲಿ ಬಿಟ್ಟ ‘ಪಿಂಕ್ ಪೋನಿ ಕ್ಲಬ್’ ಟಾಪ್ 10 ಹೊಕ್ಕದ್ದು 2025ರಲ್ಲಿ. ಅಮೆರಿಕದಲ್ಲಿ ಕೇಳುವ ಸಂಗೀತದಲ್ಲಿ ಹದಿನೆಂಟು ತಿಂಗಳಿಗಿಂತ ಹಳೆಯದರ ಪಾಲು ನೂರಕ್ಕೆ ಎಪ್ಪತ್ತನ್ನು ಮೀರಿದೆ. ಹೊಸ ಹಾಡಿಗೆ ನಿಜವಾದ ಎದುರಾಳಿ ಇನ್ನೊಂದು ಹೊಸ ಹಾಡಲ್ಲ, ಉಗ್ರಾಣ.

ಈ ಲೆಕ್ಕದಲ್ಲಿ ವೀಕೆಂಡ್ ಉಳಿಯುತ್ತಾರೆ, ಬ್ರೂನೋ ಮಾರ್ಸ್ ಉಳಿಯುತ್ತಾರೆ. ಬಿಲ್ಲಿ ಐಲಿಷ್‌ರ ‘ಬರ್ಡ್ಸ್ ಆಫ್ ಎ ಫೆದರ್’ ಮೊದಲ ಸ್ಥಾನ ಕಾಣದೆಯೂ ತಿಂಗಳುಗಟ್ಟಲೆ ಮೇಲೆಯೇ ಇತ್ತು, ಅದು ಶುಭಲಕ್ಷಣ. ಸಿಝಾರ 2022ರ ‘ಎಸ್‌ಒಎಸ್’ ಎರಡು ವರ್ಷ ತುಂಬಿದ ಮೇಲೂ ಆಲ್ಬಮ್ ಪಟ್ಟಿಯ ನೆತ್ತಿಗೆ ಮರಳಿತು. ಸಬ್ರಿನಾ ಕಾರ್ಪೆಂಟರ್ ಬಗ್ಗೆ ಅನುಮಾನ ಪಡುವವರಿಗೆ ಒಂದು ಮಾತು: ಮೊದಲ ಆಲ್ಬಮ್ 2015ರಲ್ಲಿ, ಹೆಸರು ಮನೆಮಾತಾದದ್ದು 2024ರಲ್ಲಿ, ಆರನೆಯದಕ್ಕೆ. ಅಷ್ಟು ದಿನ ಬಾಗಿಲಲ್ಲಿ ಕಾದವರು ಸುಲಭಕ್ಕೆ ಎದ್ದು ಹೋಗುವುದಿಲ್ಲ.

ರ‍್ಯಾಪ್‌ನ ಕಥೆ ತೊಡಕಿನದು. ರಾಗ ಹಳೆಯದಾಗುವುದಕ್ಕಿಂತ ಬೇಗ ಮಾತು ಹಳೆಯದಾಗುತ್ತದೆ. ರ‍್ಯಾಪ್ ನಿಂತಿರುವುದೇ ಮಾತಿನ ಮೇಲೆ, ಅದೂ ಇವತ್ತಿನ ಬೀದಿಮಾತು, ಇವತ್ತಿನ ಜಗಳ, ಇವತ್ತಿನ ಬ್ರಾಂಡು. ಬೈಗುಳದ ಹಾಡಂತೂ ಬೈಸಿಕೊಂಡವನು ಯಾರೆಂದು ಮರೆತ ದಿನ ಸತ್ತಂತೆ. ಕೆಂಡ್ರಿಕ್ ಲಮಾರ್‌ರ ‘ನಾಟ್ ಲೈಕ್ ಅಸ್’, ಡ್ರೇಕ್‌ರನ್ನು ಬೈದ ಹಾಡು, ಸದ್ಯಕ್ಕೆ ಈ ಮಾತನ್ನು ಸುಳ್ಳು ಮಾಡಿ ನಿಂತಿದೆ: 2024ರ ಮೇ ತಿಂಗಳಲ್ಲಿ ಬಂದ ಹಾಡು 2025ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ, ಎಂದರೆ ಅಮೆರಿಕನ್ ಫುಟ್‌ಬಾಲ್ ಫೈನಲ್ ನಡುವೆ, ಅವರು ಹಾಡಿದ ಮೇಲೆ ಮತ್ತೆ ಮೊದಲ ಸ್ಥಾನಕ್ಕೇರಿತು. ಇನ್ನೊಂದು ತೊಡಕು ಸ್ಯಾಂಪಲ್ಲಿನದು. ಬೇರೆಯವರ ಹಳೆಯ ಹಾಡಿನ ತುಣುಕು ಸೇರಿಸಿ ಕಟ್ಟಿದಾಗ ಪ್ರತಿ ತುಣುಕಿಗೂ ಪರವಾನಗಿ ಬೇಕು, ಅದೂ ಮುಂದೆ ಬರಲಿರುವ ಮಾಧ್ಯಮಕ್ಕೂ ಒಪ್ಪುವಂತೆ. ಅದನ್ನು ಬರೆಸಿಕೊಳ್ಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಡಿ ಲಾ ಸೋಲ್ ಸಾಕ್ಷಿ. 1989ರಿಂದ ಹೆಸರಾದ ಆ ತಂಡದ ಮೊದಮೊದಲ ಆಲ್ಬಮ್‌ಗಳು ಸ್ಟ್ರೀಮಿಂಗ್‌ಗೆ ಬಂದದ್ದು 2023ರ ಮಾರ್ಚ್‌ನಲ್ಲಿ. ಅಷ್ಟರೊಳಗೆ ಒಂದಿಡೀ ತಲೆಮಾರು ಅವರನ್ನು ಕೇಳದೆಯೇ ಬೆಳೆದಿತ್ತು.

ರ‍್ಯಾಪ್ ಬಾಳುವುದು ಬಿಡಿ ಹಾಡಿನಲ್ಲಲ್ಲ, ಆಲ್ಬಮ್ಮಿನಲ್ಲಿ. ಎಮಿನೆಮ್‌ರ 2005ರ ಸಂಕಲನ, ಕೆಂಡ್ರಿಕ್‌ರ 2012ರ ‘ಗುಡ್ ಕಿಡ್, ಮ್ಯಾಡ್ ಸಿಟಿ’ ಎರಡೂ ಬಿಲ್‌ಬೋರ್ಡ್ 200 ಎಂಬ ಆಲ್ಬಮ್ ಪಟ್ಟಿಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕೂತಿವೆ. ಮೂಲೆಯಲ್ಲಿ ಸದ್ದಿಲ್ಲದೆ ಕೂರುವ ಈ ಬಗೆ ಕೆಂಡ್ರಿಕ್‌ಗೆ ಒಲಿದಿದೆ. ಡ್ರೇಕ್‌ರದು ಬೇರೆ ದಾರಿ. ಹಾಟ್ 100ರಲ್ಲಿ ಮುನ್ನೂರಕ್ಕೂ ಹೆಚ್ಚು ಹಾಡು ದಾಖಲಿಸಿದ ಮೇಲೆ ಹತ್ತು ಉಳಿದರೂ ಸಾಕು, ಹತ್ತು ಉಳಿದೇ ಉಳಿಯುತ್ತವೆ. ಬಿತ್ತನೆ ಅಷ್ಟು ದಟ್ಟ.

ಇಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಸೇರು ಮತ್ತೆ ಬದಲಾಯಿತು. 2025ರ ಅಕ್ಟೋಬರ್‌ನಲ್ಲಿ ಬಿಲ್‌ಬೋರ್ಡ್ ಹಳೆಯ ಹಾಡುಗಳನ್ನು ಹೊರಹಾಕುವ ನಿಯಮವನ್ನು ಬಿಗಿ ಮಾಡಿತು. ಕೆಂಡ್ರಿಕ್ ಮತ್ತು ಸಿಝಾ ಕೂಡಿ ಹಾಡಿದ ‘ಲೂಥರ್’ ಅದರಿಂದ ಉದುರಿತು, ಟಾಪ್ 40ರಲ್ಲಿ 1990ರ ನಂತರ ಮೊದಲ ಬಾರಿಗೆ ಒಂದೂ ರ‍್ಯಾಪ್ ಹಾಡಿಲ್ಲದ ವಾರ ಬಂತು. ‘ರ‍್ಯಾಪ್ ಸತ್ತಿತು’ ಎಂದು ಬರೆದವರಲ್ಲಿ ನಿಯಮ ಓದಿದವರು ಕಡಿಮೆ.

ನಿಯಮ ಏನೇ ಬದಲಾದರೂ ತಪ್ಪದ ಒಂದು ದಾರಿ ಇದೆ, ಅದು ಡಿಸೆಂಬರ್. ಕ್ರಿಸ್‌ಮಸ್ ಹಾಡುಗಳು ಬಂದು ಪಟ್ಟಿಯ ಅರ್ಧ ಜಾಗ ನುಂಗುತ್ತವೆ, ವರ್ಷವಿಡೀ ದುಡಿದ ಹಾಡುಗಳು ಜನವರಿಗೆ ಕಾಯುತ್ತವೆ. ಮರಾಯಾ ಕ್ಯಾರಿಯ 1994ರ ಕ್ರಿಸ್‌ಮಸ್ ಹಾಡು ಮೊದಲ ಸ್ಥಾನ ಮುಟ್ಟಿದ್ದು 2019ರಲ್ಲಿ, ಅದಾದ ಮೇಲೆ ಡಿಸೆಂಬರ್ ಬಂತೆಂದರೆ ಅವರದ್ದೇ ದರ್ಬಾರು. ಬ್ರೆಂಡಾ ಲೀ 13ನೆಯ ವಯಸ್ಸಿನಲ್ಲಿ, ಹಾಟ್ 100 ಹುಟ್ಟಿದ ವರ್ಷವೇ, ಹಾಡಿದ್ದು 2023ರಲ್ಲಿ ಮೊದಲ ಸ್ಥಾನ ಕಂಡಾಗ ಅವರಿಗೆ 78. ಈಗಿನವರಲ್ಲಿ ಈ ಗುಟ್ಟು ಹಿಡಿದವರು ಆರಿಯಾನಾ ಗ್ರಾಂಡೆ, 2014ರ ಅವರ ಹಾಡು ಟಾಪ್ 10ರವರೆಗೂ ಬಂದಿದೆ. ರ‍್ಯಾಪ್‌ನಲ್ಲಿ ರನ್-ಡಿಎಂಸಿ 1987ರಲ್ಲೇ ಒಂದು ಕ್ರಿಸ್‌ಮಸ್ ಹಾಡು ಮಾಡಿತ್ತು. ಡ್ರೇಕ್ ಆಗಲಿ ಕೆಂಡ್ರಿಕ್ ಆಗಲಿ ಇನ್ನೂ ಅತ್ತ ತಲೆ ಹಾಕಿಲ್ಲ.