ಮುಳುಗಿಸಿದವರಿಗೆ ಶಾಲು

ಕಂಪನಿ ಮುಚ್ಚಿದರೆ ಈಗ ಯಾರೂ ಮುಖ ಮರೆಸಿಕೊಂಡು ಓಡಾಡುವುದಿಲ್ಲ. ಭಾಷಣಕ್ಕೆ ಹೊರಡುತ್ತಾರೆ. ಬೆಂಗಳೂರಿನಲ್ಲಿ ಕೇಳುವವರು ಮುಗಿದರೋ ಏನೋ, ಈಗೀಗ ಶಿರಸಿ, ಕುಮಟಾ, ಕಾರವಾರದ ಕಡೆಗೂ ಬರುತ್ತಿದ್ದಾರೆ. ವಿಷಯ ಒಂದೇ: ‘ಸ್ಟಾರ್ಟಪ್ ಕಟ್ಟಿ ನಾನು ಕಲಿತ ಪಾಠಗಳು’. ಕಲಿತದ್ದು ಇವರು. ಫೀ ಕಟ್ಟಿದ್ದು ಹೂಡಿಕೆದಾರರು. ಫೇಲಾಗಿ ಮನೆಗೆ ಹೋದದ್ದು ಕೆಲಸಕ್ಕಿದ್ದ ಹುಡುಗರು. ಮೇಷ್ಟ್ರು ಮಾತ್ರ ಮತ್ತೆ ಇವರೇ.

ಕೊಳೆ ರೋಗ ಬಂದು ಅರ್ಧ ಅಡಿಕೆ ಉದುರಿಸಿಕೊಂಡವನನ್ನು ಸಿದ್ದಾಪುರದಲ್ಲಾಗಲಿ ಯಲ್ಲಾಪುರದಲ್ಲಾಗಲಿ ಯಾರಾದರೂ ವೇದಿಕೆಗೆ ಕರೆದು, ಮೈಕು ಕೊಟ್ಟು, ‘ನಿಮ್ಮ ಸೋಲಿನ ಕಥೆ ಹೇಳಿ, ನಮಗೂ ಸ್ಫೂರ್ತಿ ಬರಲಿ’ ಅಂದದ್ದುಂಟಾ? ಅವನಿಗೆ ಬರುವುದು ಸಾಲದ ನೋಟೀಸು. ‘ಮದ್ದು ಹೊಡೆಯೋದು ತಡ ಮಾಡಿದ, ಮತ್ತೇನು’ ಅನ್ನುವ ಪಕ್ಕದ ತೋಟದವರ ಮಾತು ಬೇರೆ.

ಮೊನ್ನೆ ಶಿರಸಿಯಲ್ಲಿ ಇಂಥದ್ದೇ ಒಂದು ಭಾಷಣ. ಭಾಷಣಕ್ಕೆ ಬಂದವರು ಈ ಕಡೆಯವರೇ, ಆದರೆ ಈಗ ಮಾತಿನಲ್ಲಿ ಕನ್ನಡ ಸಾಸಿವೆಯಷ್ಟು. ಅವರ ಕಂಪನಿ ಕೊನೆಗೌಡರನ್ನು, ಅಂದರೆ ಮರ ಹತ್ತಿ ಅಡಿಕೆ ಕೊನೆ ಇಳಿಸುವವರನ್ನು, ಹುಡುಕಿಕೊಡುವ ಆ್ಯಪ್ ಮಾಡಿತ್ತು. ಅಡಿಕೆ ಮರ ಹತ್ತುವವರು ಈಗ ಸಿಗುವುದಿಲ್ಲ, ಆದ್ದರಿಂದ ದೊಡ್ಡ ಮಾರುಕಟ್ಟೆ ಇದೆ ಅನ್ನುವುದು ಲೆಕ್ಕ. ಸಿಗುವುದಿಲ್ಲ ಅನ್ನುವುದು ನಿಜ. ಊರಿಗೆ ಇರುವವರೇ ಇಬ್ಬರು, ಅವರು ಎಲ್ಲಿದ್ದಾರೆ ಅಂತ ಊರಿಗೆಲ್ಲ ಗೊತ್ತು. ಆ ಇಬ್ಬರನ್ನು ಹುಡುಕುವುದಕ್ಕೆ ಕೃತಕ ಬುದ್ಧಿಮತ್ತೆ, ಡಜನ್‌ಗಟ್ಟಲೆ ಮೈಕ್ರೋಸರ್ವಿಸ್ ಅನ್ನುವ ಸಾಫ್ಟ್‌ವೇರ್ ತುಂಡುಗಳು, ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟಿನಲ್ಲಿ ಆಫೀಸು, ಆಫೀಸಿನಲ್ಲಿ ಫೂಸ್‌ಬಾಲ್ ಟೇಬಲ್ಲು. ಬೇಡಿಕೆ ಹೆಚ್ಚಿದಾಗ ದರ ತಾನೇ ಏರುವ ವ್ಯವಸ್ಥೆಯನ್ನೂ ಬರೆಸಿದ್ದರಂತೆ. ನಮ್ಮ ಕೊನೆಗೌಡರಿಗೆ ಆ ವಿದ್ಯೆ ಯಾವ ಸರ್ವರಿನ ಸಹಾಯವೂ ಇಲ್ಲದೆ ಮೊದಲಿಂದ ಬರುತ್ತದೆ, ಅದು ಬೇರೆ ಮಾತು. ಇನ್ನು ಬುಕಿಂಗ್ ಬಂದದ್ದು ಅವರಿಗೆ ತಿಳಿಯಬೇಕಾದರೆ ಗುಡ್ಡದ ತಲೆಗೆ ಹೋಗಬೇಕು. ಕೆಳಗೆ ತೋಟದಲ್ಲಿ ನೆಟ್‌ವರ್ಕ್ ಎಲ್ಲಿದೆ?

ಕಂಪನಿ ಮುಚ್ಚಿತು. ‘ಮಾರುಕಟ್ಟೆ ಇನ್ನೂ ತಯಾರಿರಲಿಲ್ಲ’ ಅಂದರು. ತಪ್ಪು ಯಾವಾಗಲೂ ಮಾರುಕಟ್ಟೆಯದ್ದೇ, ಪಾಪ.

ಆಮೇಲೆ ನಾಯಕತ್ವದ ಪಾಠ ಶುರುವಾಯಿತು. ಬೇಗ ಓಡಿ, ಒಡೆದರೆ ಒಡೆಯಲಿ! ಇದು ಫೇಸ್‌ಬುಕ್ಕಿನ ಹಳೇ ಮಂತ್ರ. ಜುಕರ್‌ಬರ್ಗ್ ಅವರೇ 2014ರಲ್ಲಿ ಅದನ್ನು ಬಿಟ್ಟು, ಬೇಗ ಓಡೋಣ ಆದರೆ ತಳಪಾಯ ಗಟ್ಟಿ ಇರಲಿ ಅನ್ನುವ ದಾರಿಗೆ ಬಂದರು. ಆ ಸುದ್ದಿ ಇನ್ನೂ ಕುಮಟಾದಿಂದ ಶಿರಸಿಗೆ ಹತ್ತುವ ದೇವಿಮನೆ ಘಟ್ಟದ ತಿರುವಿನಲ್ಲೇ ಸಿಕ್ಕಿಕೊಂಡಿರಬೇಕು. ಒಡೆಯುವುದನ್ನು ನಮ್ಮ ಜಿಲ್ಲೆಗೆ ಹೇಳಿಕೊಡಬೇಕಾ? 2024ರ ಆಗಸ್ಟ್‌ನಲ್ಲಿ ಕಾರವಾರದ ಹತ್ತಿರ ಕಾಳಿ ನದಿಯ ಹಳೇ ಸೇತುವೆ ನಡುರಾತ್ರಿ ಲಾರಿ ಸಮೇತ ಹೊಳೆಗೆ ಬಿತ್ತು. ಚಾಲಕ ಬದುಕಿದ್ದೇ ದೊಡ್ಡದು. ಅದನ್ನು ಯಾರೂ ನಾವೀನ್ಯ ಅಂತ ಕರೆಯಲಿಲ್ಲ.

ತೋಟದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ಮದ್ದು ಮಾಡುವವರನ್ನು ನೋಡಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಆಮೇಲೆ ಬೆರೆಸಿ, ಹೊಳೆಯುವ ಕತ್ತಿಯ ತುದಿ ಅದ್ದಿ ನೋಡುತ್ತಾರೆ. ಕತ್ತಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಅದೆಲ್ಲ ಆದ ಮೇಲೆ ಮರ. ಮೊದಲು ಹೊಡೆದುಬಿಡೋಣ, ಅಡಿಕೆ ಕೊನೆ ಸುಟ್ಟರೆ ಮುಂದಿನ ವರ್ಷದ ಆವೃತ್ತಿಯಲ್ಲಿ ಸರಿಮಾಡೋಣ ಅಂದವರನ್ನು ನಾನಂತೂ ಕಂಡಿಲ್ಲ.

ಲೆಕ್ಕದ ವಿಷಯ ಬಂದಾಗ ಭಾಷಣಕಾರರು ವೀವರ್ಕ್ ಹೆಸರು ತೆಗೆದರು, ಅದೂ ಭಕ್ತಿಯಿಂದ. ಆಫೀಸು ಜಾಗ ಬಾಡಿಗೆ ಕೊಡುವ ಈ ಅಮೆರಿಕದ ಕಂಪನಿಗೆ 2017ರಲ್ಲಿ ಸುಮಾರು 93 ಕೋಟಿ ಡಾಲರ್ ನಷ್ಟ. ಅವರು ಹೆದರಲಿಲ್ಲ. ಲೆಕ್ಕದಿಂದ ಜಾಹೀರಾತಿನ ಖರ್ಚು ತೆಗೆದರು, ಆಡಳಿತದ ಖರ್ಚು ತೆಗೆದರು, ವಿನ್ಯಾಸದ ಖರ್ಚು ತೆಗೆದರು, ಹೀಗೆ ತೆಗೆದು ತೆಗೆದು ಕೊನೆಗೆ 23 ಕೋಟಿ ಡಾಲರ್ ಲಾಭ ತೋರಿಸಿದರು! ಇದೇ ಲೆಕ್ಕದಲ್ಲಿ ಕೊನೆಗೌಡರ ಮಜೂರಿ, ಮದ್ದು, ಗೊಬ್ಬರ, ಅಡಿಕೆ ಸುಲಿದ ಕೂಲಿ ಬಿಟ್ಟರೆ ನಮ್ಮ ಎಲ್ಲಾ ತೋಟಗಳೂ ಭಾರೀ ಲಾಭದಲ್ಲಿವೆ. ಸಾಲ ಕೊಟ್ಟ ಸೊಸೈಟಿಯ ಮ್ಯಾನೇಜರು ಒಪ್ಪಬೇಕು ಅಷ್ಟೇ. 2019ರ ಜನವರಿಯಲ್ಲಿ ಆ ಕಂಪನಿಯ ಬೆಲೆ 4,700 ಕೋಟಿ ಡಾಲರ್ ಅಂದರು, 2023ರ ನವೆಂಬರ್‌ನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಇಷ್ಟರ ನಡುವೆ, ಹೊರಗೆ ಹೋಗಿದ್ದ ಸ್ಥಾಪಕ ಆಡಮ್ ನ್ಯೂಮನ್ ಅವರ ಹೊಸ ಕಂಪನಿಗೆ 2022ರಲ್ಲಿ ಸುಮಾರು 35 ಕೋಟಿ ಡಾಲರ್ ಹೂಡಿಕೆ ಸಿಕ್ಕಿತು. ನಮ್ಮಲ್ಲಿ ಬೆಳೆಸಾಲ ಕಟ್ಟದವನು ಮತ್ತೆ ಸಾಲಕ್ಕೆ ಹೋದರೆ ಕೂರಲು ಕುರ್ಚಿಯೂ ಸಿಗುವುದಿಲ್ಲ.

ಸಭೆಯ ಹಿಂದಿನ ಸಾಲಿನಲ್ಲಿ ಅಡಿಕೆ ಬೆಳೆಗಾರರು ಕೂತಿದ್ದರು. ಇದೇ ಊರಲ್ಲಿ 1923ರಲ್ಲಿ ತೋಟಗಾರರು ಸೇರಿ ಟಿ.ಎಸ್.ಎಸ್. ಅನ್ನುವ ಸಹಕಾರಿ ಸಂಘ ಕಟ್ಟಿದರು, ಅಡಿಕೆಯನ್ನು ಒಟ್ಟಾಗಿ ಮಾರುವುದಕ್ಕೆ. ನೂರು ವರ್ಷ ದಾಟಿದೆ. ಅಂಥ ಸಂಘಗಳಲ್ಲಿ ಜಗಳ, ಚುನಾವಣೆ, ದರ ಕುಸಿತ ಎಲ್ಲಾ ನೋಡಿದ ಜನ ಇವರು. ‘ತಂಡ ಕಟ್ಟುವುದು ಹೇಗೆ’ ಅನ್ನುವುದನ್ನು ಇವರಿಗೆ ಸ್ಲೈಡಿನಲ್ಲಿ ತೋರಿಸಲಾಯಿತು. ಇವರು ಚಪ್ಪಾಳೆಯನ್ನೂ ತಟ್ಟಿದರು. ಊರಿನ ಮರ್ಯಾದೆ, ಏನು ಮಾಡುವುದು.

ಪ್ರಶ್ನೆ ಕೇಳಿ ಅಂದಾಗ ಒಬ್ಬ ಅಜ್ಜ ಎದ್ದರು. ‘ತಮಾ, ಒಟ್ಟು ಹೋದ ದುಡ್ಡಲ್ಲಿ ನಿಂದೆಷ್ಟು?’

‘ಅಜ್ಜ, ನನ್ನದು ಸಮಯ ಹೋಯಿತು.’

‘ಸಂಬಳ ತಗಂಡಿದ್ಯನ?’

‘ಅದು... ಮಾರ್ಕೆಟ್ ದರದಲ್ಲಿ.’

ಅಜ್ಜ ಕೂತರು. ನಿರೂಪಕರು ಗಡಿಬಿಡಿಯಲ್ಲಿ ವಂದನಾರ್ಪಣೆಗೆ ಹೊರಳಿದರು. ಶಾಲು, ಹಣ್ಣಿನ ಬುಟ್ಟಿ, ಯಕ್ಷಗಾನದ ಕಿರೀಟದ ಸ್ಮರಣಿಕೆ, ಫೋಟೋ ಎಲ್ಲಾ ಆಯಿತು. ವೇದಿಕೆ ಇಳಿದ ಭಾಷಣಕಾರರು ನೇರ ಅದೇ ಅಜ್ಜನ ಹತ್ತಿರ ಬಂದು, ದನಿ ತಗ್ಗಿಸಿ, ನಿಮ್ಮ ಊರಿನ ಕೊನೆಗೌಡರ ನಂಬರ್ ಇದೆಯಾ ಅಂತ ಕೇಳಿದರು. ಅಪ್ಪನ ತೋಟದ ಕೊಯ್ಲು ನಿಂತುಹೋಗಿದೆಯಂತೆ.