ವಿಷಯ ಬಿಡಿಸುವುದು ಪರಿಣತಿಯಲ್ಲ

ನಮ್ಮ ಕಡೆ ಹತ್ತನೆಯ ತರಗತಿ ಮುಗಿಸಿದ ಮಕ್ಕಳಿಗೆ ಬಂಧುಬಳಗವೆಲ್ಲ ಕೇಳುವ ಪ್ರಶ್ನೆ ಒಂದೇ: ಪಿಸಿಎಂಬಿಯೋ, ಪಿಸಿಎಂಸಿಯೋ? ಕಲಾ ವಿಭಾಗ ಎಂದರೆ ಅಂಕ ಕಡಿಮೆ ಬಂದಿರಬೇಕು ಎಂಬ ಮುಖಭಾವ. ಧಾರವಾಡದ ಸಪ್ತಾಪುರದ ಕೋಚಿಂಗ್ ಓಣಿಗಳಲ್ಲಿ ಓಡಾಡಿದರೆ ಇಡೀ ಉತ್ತರ ಕರ್ನಾಟಕದ ಆತಂಕ ಅಲ್ಲಿನ ಫಲಕಗಳಲ್ಲಿ ಬರೆದಂತೆ ಕಾಣುತ್ತದೆ. ಹೀಗೆ ಬೇಗನೆ ವಿಷಯ ಆರಿಸಿಕೊಳ್ಳುವುದನ್ನೇ ನಾವು ಪರಿಣತಿಯ ಮೊದಲ ಮೆಟ್ಟಿಲು ಎಂದುಕೊಂಡಿದ್ದೇವೆ. ಗದಗದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿ, ಈಗ ಜರ್ಮನಿಯ ಸ್ಟುಟ್‌ಗಾರ್ಟ್ ಬಳಿಯ ಯಂತ್ರ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿರುವ ನಾನು ಇದನ್ನು ಒಪ್ಪುವುದಿಲ್ಲ. ಹದಿನಾರರ ಹುಡುಗಿಯ ಕೈಯಿಂದ ಇತಿಹಾಸ, ಅರ್ಥಶಾಸ್ತ್ರಗಳನ್ನು ಕಿತ್ತುಕೊಳ್ಳುತ್ತೇವೆ, ಆದರೆ ಉಳಿದ ವಿಷಯಗಳಲ್ಲಾದರೂ ಅವಳನ್ನು ಆಳಕ್ಕೆ ಇಳಿಸುತ್ತೇವೆಯೇ ಎಂದರೆ ಅದೂ ಇಲ್ಲ. ಸಿಇಟಿ, ನೀಟ್‌ಗೆ ಬೇಕಾದಷ್ಟು ಉತ್ತರಗಳನ್ನು ಗುರುತಿಸುವುದು ಕಲಿಸುತ್ತೇವೆ, ಅಷ್ಟೇ.

ಪರಿಣತಿ ಎಂದರೇನು ಎಂಬುದು ನನಗೆ ತಿಳಿದದ್ದು ಇಲ್ಲಿನ ಯಂತ್ರಗಳ ನಡುವೆ ದುಡಿಯುವವರನ್ನು ಕಂಡ ಮೇಲೆ. ಜರ್ಮನಿಯಲ್ಲಿ ‘ಆಸ್‌ಬಿಲ್ಡುಂಗ್’ ಎಂಬ ವೃತ್ತಿ ಶಿಕ್ಷಣ ಇದೆ. ಮಾನ್ಯತೆ ಪಡೆದ 300ಕ್ಕೂ ಹೆಚ್ಚು ವೃತ್ತಿಗಳು, ಎರಡರಿಂದ ಮೂರೂವರೆ ವರ್ಷದ ಕಲಿಕೆ. ವಾರದ ಮೂರು ನಾಲ್ಕು ದಿನ ಕೆಲಸದ ಜಾಗದಲ್ಲಿ, ಉಳಿದ ದಿನ ವೃತ್ತಿ ಶಾಲೆಯಲ್ಲಿ. ಕಲಿಯುವಾಗಲೇ ಸಂಬಳ ಬರುತ್ತದೆ. ಶಾಲೆಯಲ್ಲಿ ಅವರವರ ವೃತ್ತಿಯ ಲೆಕ್ಕ, ನಕ್ಷೆಗಳ ಜೊತೆಗೆ ಜರ್ಮನ್ ಭಾಷೆಯೂ ಸಮಾಜ ಪಾಠವೂ ಇರುತ್ತವೆ. ನನಗೆ ಹೆಚ್ಚು ಮೆಚ್ಚುಗೆಯಾದದ್ದು ‘ಮೆಕಾಟ್ರಾನಿಕರ್’ ಎಂಬ ವೃತ್ತಿ. ಯಂತ್ರ ಬಲ್ಲವನಿಗೆ ವಿದ್ಯುತ್ ತಿಳಿಯದು, ವಿದ್ಯುತ್ ಬಲ್ಲವನಿಗೆ ಬೇರಿಂಗ್ ತಿಳಿಯದು ಎಂಬ ತೊಡಕಿಗೆ ಉತ್ತರವಾಗಿ 1998ರಲ್ಲಿ ಎರಡನ್ನೂ ಬೆಸೆದು ಇದನ್ನು ರೂಪಿಸಿದರು. ಅದರಿಂದ ಅಭ್ಯಾಸ ಸಡಿಲವಾಗಲಿಲ್ಲ. ಮೂರೂವರೆ ವರ್ಷದ ಕಲಿಕೆ, ತನ್ನದೇ ಪರೀಕ್ಷೆ, ತನ್ನದೇ ಮರ್ಯಾದೆ ಅದಕ್ಕೆ ದೊರೆತವು.

ಇಲ್ಲಿಯದೆಲ್ಲ ಚೆನ್ನ ಎಂದು ನಾನು ಹೇಳುತ್ತಿಲ್ಲ. ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೆಯ ತರಗತಿ ಮುಗಿದೊಡನೆ, ಹತ್ತು ವರ್ಷದ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ವಿಂಗಡಿಸಿಬಿಡುತ್ತಾರೆ. ನಮ್ಮ ಪಿಯುಸಿಗಿಂತಲೂ ಇದು ಕಠೋರ. ವಲಸೆ ಬಂದವರ ಮಕ್ಕಳು ಇದರಿಂದ ಸೊರಗುವುದನ್ನು ಕಂಡು ಮನಸ್ಸು ಕಹಿಯಾಗುತ್ತದೆ. ಆದರೂ 2009ರಲ್ಲಿ ರಾಜ್ಯಗಳ ಶಿಕ್ಷಣ ಸಚಿವರು ಒಟ್ಟಾಗಿ ಒಂದು ಬಾಗಿಲು ತೆರೆದರು: ‘ಮೈಸ್ಟರ್’ ಎಂಬ ಮೇಲಿನ ಹಂತದ ವೃತ್ತಿ ಪರೀಕ್ಷೆ ಪಾಸಾದ ಕುಶಲಕರ್ಮಿ ಈಗ ವಿಶ್ವವಿದ್ಯಾಲಯ ಸೇರಬಹುದು. ನಮ್ಮಲ್ಲಿಯೂ ಡಿಪ್ಲೊಮಾ ಮುಗಿಸಿದವರಿಗೆ ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಪ್ರವೇಶವಿದೆ. ದಾರಿ ಇದೆ, ಮರ್ಯಾದೆ ಇಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯ ವಾಲ್ವ್ ಕಾರ್ಖಾನೆಗಳಲ್ಲಿ ಲೇತ್ ಮುಂದೆ ನಿಂತು ಪಳಗಿದ ಹುಡುಗನನ್ನು ಮದುವೆ ಮಾತುಕತೆಯಲ್ಲಿ ‘ಬಿ.ಇ. ಆಗಿಲ್ಲವೇ?’ ಎಂದು ಕೇಳಿ ಕೈಬಿಡುವ ಜನ ನಾವು.

ರಾಣೆಬೆನ್ನೂರು ಸೀಮೆಯ ಬೀಜೋತ್ಪಾದನೆಯ ಹೊಲಗಳನ್ನು ನೋಡಿ. ಮರುದಿನ ಅರಳಲಿರುವ ಮೊಗ್ಗನ್ನು ಸಂಜೆಯೇ ಗುರುತಿಸಿ, ಹೂವಿನ ಹೆಣ್ಣು ಭಾಗವಾದ ಶಲಾಕೆಗೆ ಪೆಟ್ಟಾಗದಂತೆ ಪರಾಗಕೋಶಗಳನ್ನು ತೆಗೆದು, ಬೆಳಿಗ್ಗೆ ಗಂಡು ಸಾಲಿನ ಹೂವಿನ ಪರಾಗವನ್ನು ಮುಟ್ಟಿಸುವ ಹೆಣ್ಣುಮಕ್ಕಳು ಅಲ್ಲಿದ್ದಾರೆ. ಅವರು ಇದಕ್ಕೆ ‘ಕ್ರಾಸಿಂಗ್’ ಎನ್ನುತ್ತಾರೆ. ಈ ವಿದ್ಯೆಯಲ್ಲಿ ಧಾರವಾಡಕ್ಕೆ ದೊಡ್ಡ ಪಾಲಿದೆ. ಹತ್ತಿಯ ಎರಡು ಬೇರೆ ಪ್ರಭೇದಗಳನ್ನು ಕೂಡಿಸಿದ ‘ವರಲಕ್ಷ್ಮಿ’ ಹೈಬ್ರಿಡ್ 1972ರಲ್ಲಿ ಬಂದದ್ದು ಅಲ್ಲಿನ ಸಂಶೋಧನಾ ಕೇಂದ್ರದಿಂದ. 1981ರಲ್ಲಿ ‘ಜಯಲಕ್ಷ್ಮಿ’ ಎಂದು ಹೆಸರಾದ ಡಿಸಿಎಚ್-32 ಬಂದದ್ದೂ ಅಲ್ಲಿಂದಲೇ. ಹೈಬ್ರಿಡ್ ಬೇಕೆಂದರೆ ಎರಡೂ ತಂದೆತಾಯಿ ತಳಿಗಳು ಬೆರಕೆಯಾಗದೆ ಉಳಿದಿರಬೇಕು. ಅವೇ ಕೆಟ್ಟರೆ ಎಷ್ಟು ಕ್ರಾಸಿಂಗ್ ಮಾಡಿದರೂ ವ್ಯರ್ಥ. ವಿದ್ಯೆಗಳನ್ನು ಕೂಡಿಸುವ ಕೆಲಸವನ್ನೂ ನಾನು ಹೀಗೆಯೇ ಕಾಣುತ್ತೇನೆ. ಇನ್ನೊಂದು ಮಾತು: ಜರ್ಮನಿಯಲ್ಲಿ ತೋಟಗಾರನ ವೃತ್ತಿಗೂ ಮೂರು ವರ್ಷದ ಶಿಕ್ಷಣ, ಪರೀಕ್ಷೆ, ಪ್ರಮಾಣಪತ್ರ ಇವೆ. ನಮ್ಮ ಹೊಲದ ಹೆಣ್ಣುಮಕ್ಕಳ ಅಷ್ಟು ಸೂಕ್ಷ್ಮವಾದ ಕೈಗೆ ಸಿಗುವುದು ದಿನಗೂಲಿ.

ಬಹುಶಿಸ್ತೀಯ ಕಲಿಕೆ, ಅಂದರೆ ಹಲವು ವಿದ್ಯೆಗಳನ್ನು ಕೂಡಿಸಿ ಕಲಿಯುವುದು, ಎಂಬ ಮಾತು ಈಚೆಗೆ ಎಲ್ಲರ ಬಾಯಲ್ಲೂ ಇದೆ. 2021-22ರಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತಂದು ಪದವಿಯಲ್ಲಿ ಮುಕ್ತ ಆಯ್ಕೆಯ ವಿಷಯಗಳನ್ನು ಇಟ್ಟಿತು. 2024ರಲ್ಲಿ ಮೂರು ವರ್ಷದ ಹಳೆಯ ಪದವಿಗೆ ಮರಳಿತು. ನನ್ನ ತಂಗಿಯ ಮಗಳು ಆ ನಡುವಿನ ವರ್ಷಗಳಲ್ಲಿ ಓದಿದವಳು. “ಮಾಮಾ, ಟೈಮ್‌ಟೇಬಲ್‌ನಲ್ಲಿ ಯಾವುದಕ್ಕೆ ಮೇಷ್ಟ್ರು ಸಿಕ್ಕರೋ ಅದೇ ನಮ್ಮ ಆಯ್ಕೆ” ಎಂದಳು. ಭೌತಶಾಸ್ತ್ರದ ಮಕ್ಕಳಿಗೆ ಬೇರೆ ವಿಭಾಗದ ಒಂದಿಷ್ಟು ಟಿಪ್ಪಣಿ ಬರೆಸಿದರೆ ಬುದ್ಧಿ ವಿಶಾಲವಾಗುವುದಿಲ್ಲ.

ಇಂಥ ಚರ್ಚೆಯಲ್ಲಿ ಯಾರಾದರೂ ನಮ್ಮ ಹಿರಿಯರನ್ನು ನೆನೆಯುತ್ತಾರೆ: ಗದುಗಿನ ವೀರೇಶ್ವರ ಪುಣ್ಯಾಶ್ರಮದ ಗವಾಯಿಗಳು ಎಲ್ಲವನ್ನೂ ಬಲ್ಲವರಾಗಿದ್ದರಲ್ಲ ಎಂದು. ನಿಜ. ಪಂಚಾಕ್ಷರ ಗವಾಯಿಗಳು ಹಿಂದೂಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳಲ್ಲಿ ಹಾಡಿ ಉಭಯಗಾನ ವಿಶಾರದ ಎನಿಸಿಕೊಂಡರು. ಶಿಷ್ಯರಾದ ಪುಟ್ಟರಾಜ ಗವಾಯಿಗಳು ಹಲವು ವಾದ್ಯಗಳನ್ನು ನುಡಿಸಿದರು, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಬರೆದರು, ನಾಟಕ ಕಂಪನಿ ನಡೆಸಿ ಆಶ್ರಮವನ್ನು ಸಾಕಿದರು. ಆದರೆ ಈ ಅಗಲಕ್ಕೆಲ್ಲ ತಳಪಾಯವಾಗಿ ಸ್ವರದ ಮೇಲಿನ ಕಠಿಣ ಸಾಧನೆ ಇತ್ತು. ಅದನ್ನು ಮರೆತು ಅವರ ಹೆಸರನ್ನು ‘ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿ’ ಎಂಬುದಕ್ಕೆ ಸಾಕ್ಷಿಯಾಗಿ ಬಳಸುವುದು ಅನ್ಯಾಯ.

ಹಾಗಾದರೆ ಏನು ಮಾಡಬೇಕು? ಹನ್ನೆರಡನೆಯ ತರಗತಿಯವರೆಗೆ ಯಾವ ಮಗುವಿನ ಬಾಗಿಲನ್ನೂ ಪೂರ್ತಿ ಮುಚ್ಚಬೇಡಿ. ಆಮೇಲೆ ಒಂದು ವಿದ್ಯೆಯಲ್ಲಿ ನಿಜವಾಗಿ ಇಳಿಸಿ, ಕೈಯಿಂದ ಕೆಲಸ ಮಾಡಿಸಿ. ಕೊನೆಯ ವರ್ಷದಲ್ಲಿ ಬೇರೆ ವಿದ್ಯೆಯವರ ಜೊತೆ ಕೂರಿಸಿ. ಇದಕ್ಕೆ ಹುಬ್ಬಳ್ಳಿ-ಧಾರವಾಡದಷ್ಟು ಅನುಕೂಲವಾದ ಜಾಗ ಅಪರೂಪ. ಕರ್ನಾಟಕ ವಿಶ್ವವಿದ್ಯಾಲಯ, 1986ರ ಕೃಷಿ ವಿಶ್ವವಿದ್ಯಾಲಯ, 2016ರ ಐಐಟಿ, ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು, ಕಾನೂನು ವಿಶ್ವವಿದ್ಯಾಲಯ ಎಲ್ಲವೂ ಬೆಳಿಗ್ಗೆ ಹೋಗಿ ಸಂಜೆ ಮರಳುವಷ್ಟು ಹತ್ತಿರ. ಒಂದರ ವಿದ್ಯಾರ್ಥಿ ಇನ್ನೊಂದರಲ್ಲಿ ಒಂದು ಸೆಮಿಸ್ಟರ್ ಓದಿ, ಆ ಕ್ರೆಡಿಟ್ ಎರಡೂ ಕಡೆ ನಡೆಯುವಂತಾಗಲಿ.

ಮೊದಲ ವಿಷಯವನ್ನೂ ನಾನೇ ಸೂಚಿಸುತ್ತೇನೆ: ಬ್ಯಾಡಗಿ ಮೆಣಸಿನಕಾಯಿ. 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಈ ಬೆಳೆಯ ಬಣ್ಣಕ್ಕೆ ದೇಶದಾಚೆಗೂ ಬೇಡಿಕೆ ಇದೆ, ಆದರೆ ತೊಟ್ಟು ಬಿಡಿಸುವ ಕೆಲಸ ಇಂದಿಗೂ ಘಾಟಿನ ನಡುವೆ ಕುಳಿತ ಹೆಣ್ಣುಮಕ್ಕಳ ಬೆರಳುಗಳ ಮೇಲೆ ನಿಂತಿದೆ. ಯಂತ್ರ ಮಾಡಬಲ್ಲವರು, ಬಣ್ಣದ ರಸಾಯನ ಬಲ್ಲವರು, ಚರ್ಮ ಮತ್ತು ಉಸಿರಾಟ ಬಲ್ಲ ವೈದ್ಯರು, ಕೂಲಿಯ ಅರ್ಥಶಾಸ್ತ್ರ ಓದಿದವರು ಒಟ್ಟಿಗೆ ಕೂರದೆ ಇದು ಬಗೆಹರಿಯುವುದಿಲ್ಲ. ಯಂತ್ರ ಬಂದರೆ ಆ ಮನೆಗಳ ಆದಾಯ ಏನಾಗುತ್ತದೆ ಎಂಬುದೂ ಈ ಲೆಕ್ಕದೊಳಗೇ ಬರಬೇಕು. ಮಾರುಕಟ್ಟೆಗೆ ಆವಕ ಜೋರಾಗುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ಆ ಸೆಮಿಸ್ಟರ್ ಅನ್ನು ಸುಗ್ಗಿಗೆ ಹೊಂದಿಸಿ, ಪರೀಕ್ಷೆಯನ್ನು ಬ್ಯಾಡಗಿಯಲ್ಲೇ ನಡೆಸಿ. ಅಂಕ ಕೊಡುವವರ ಸಾಲಿನಲ್ಲಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೂ ಒಂದು ಕುರ್ಚಿ ಹಾಕಿ.